ಬೋರ್ ದೊಡ್ಡದಾದರೆ ಕ್ಲಚ್ ಹಗುರ ಆಗುವುದಿಲ್ಲ

ಬದಿಯಡ್ಕ, ಕುಂಬಳೆ ಕಡೆ ವಾಟ್ಸಾಪಿನಲ್ಲಿ ಒಂದು ಮಾತು ಓಡಾಡುತ್ತಿದೆ: ಹಳೆ ಕಾರಿನ ಕ್ಲಚ್ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಒಳಗಿನ ಪಿಸ್ಟನ್ನಿನಿಂದ ಆಯಿಲ್ ಒತ್ತುವ ಭಾಗ) ಹೋದರೆ ಬೇರೆ ಕಂಪನಿಯ ದೊಡ್ಡ ಬೋರಿನದು, ಅಂದರೆ ಒಳ ಅಗಲ ಜಾಸ್ತಿ ಇರುವುದು ಹಾಕಿ, ಪೆಡಲ್ ಹಗುರ ಆಗುತ್ತದೆ, ಬೋಲ್ಟ್ ಕೂತರೆ ಸಾಕು. ಎರಡೂ ತಪ್ಪು.

15.87 ಮಿ.ಮೀ. ಬೋರಿನ ಬದಲು 19.05 ಮಿ.ಮೀ.ಯದು ಹಾಕಿದಿರಿ ಅನ್ನಿ. ಪಿಸ್ಟನ್ನಿನ ಮುಖದ ವಿಸ್ತೀರ್ಣ 1.44 ಪಟ್ಟಾಗುತ್ತದೆ. ಅಷ್ಟೇ ಒತ್ತಡ ಬರಬೇಕಾದರೆ ಕಾಲೂ 1.44 ಪಟ್ಟು ಬಲ ಹಾಕಬೇಕು. ಪೆಡಲ್ ಸ್ವಲ್ಪ ತುಳಿದರೇ ಕ್ಲಚ್ ಬಿಡುತ್ತದೆ, ನಿಜ. ಅದನ್ನೇ ಯಾರೋ ಹಗುರ ಅಂದುಕೊಂಡಿರಬೇಕು. ಪೂರ್ತಿ ತುಳಿದರೆ ಆ ಒತ್ತಡದಿಂದ ಕ್ಲಚ್ ಬಿಡಿಸುವ ಕೆಳಗಿನ ಸ್ಲೇವ್ ಸಿಲಿಂಡರ್ ಬೇಕಾದ್ದಕ್ಕಿಂತ ಜಾಸ್ತಿ ತಳ್ಳುತ್ತದೆ.

ಬೋಲ್ಟ್ ಕೂತರೂ ಪುಶ್ ರಾಡ್, ಅಂದರೆ ಪೆಡಲಿನಿಂದ ಪಿಸ್ಟನ್ ತಳ್ಳುವ ಕಡ್ಡಿ, ನೋಡಲೇಬೇಕು. ಅದು ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಆಯಿಲ್ ಡಬ್ಬಿಗೆ ಹೋಗುವ ಸೂಜಿಯಂಥ ತೂತು ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್‌ಗೆ ದಾರಿಯಿಲ್ಲ, ಕ್ಲಚ್ ಅರ್ಧ ತುಳಿದ ಹಾಗೆ ನಿಲ್ಲುತ್ತದೆ. ಮುಳ್ಳೇರಿಯ ಕಡೆಯ ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ! ಪೆಡಲನ್ನು ಬೆರಳಲ್ಲಿ ಒತ್ತಿ ನೋಡಿ. ರಾಡ್ ಪಿಸ್ಟನ್ನಿಗೆ ತಾಗುವ ಮೊದಲು ಚೂರು ಸಡಿಲ ಸಿಗಬೇಕು.

ಡಾಟ್ 3 ಅಥವಾ 4 ದರ್ಜೆಯ ಬ್ರೇಕ್ ಆಯಿಲ್ ಬೇಕಾದ ಗಾಡಿಯ ಕ್ಲಚ್ ಡಬ್ಬಿಗೆ ಇಂಜಿನ್ ಆಯಿಲ್ ಸುರಿಯುವುದಂತೂ ಬೇಡವೇ ಬೇಡ, ಒಳಗಿನ ರಬ್ಬರ್ ಉಬ್ಬುತ್ತದೆ.

ಬೇರೆ ಕಂಪನಿಯದು ಹಾಕಲೇಬಾರದು ಅಂತಲ್ಲ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಹಲವು ಸಿಲಿಂಡರ್‌ಗಳ ಮೈಮೇಲೇ ಬೋರ್ ಅಳತೆ ಇರುತ್ತದೆ, ಜಿಡ್ಡು ಒರೆಸಿದರೆ ಕಾಣುತ್ತದೆ.