ದೀಪ ಹಳದಿಯಾಗಿತ್ತು, ನಾನು ಹೇಳಿದ್ದೆ

ಹನ್ನೊಂದು ಚೀಲ. ಅವರು ಕೇಳಿದ್ದು ಅಷ್ಟೇ. "ನಂದು ಹನ್ನೊಂದು ಚೀಲ ರಾಶಿ ಅಡಿಕೆ ಇತ್ತಲ್ಲ, ಅದರ ಮೇಲೆ ಮುಂಗಡ ಎಷ್ಟು ತಗೊಂಡಿದೀನಿ, ನೋಡಿ ಹೇಳಿ ಮಾರಾಯ್ರೇ." ನನಗೆ ಹೇಳೋಕೆ ಆಗಲಿಲ್ಲ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಈ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬ ಬೆಳೆಗಾರರ ಮುಂದೆ ನನ್ನ ಬಾಯಿಂದ "ಗೊತ್ತಿಲ್ಲ" ಅಂತ ಬಂತು.

ಮೂರು ದಿನ ಆಯ್ತು. ಕಣ್ಣು ಮುಚ್ಚಿದರೆ ಅದೇ ಮುಖ.

ಮಂಡಿಯ ಲೆಕ್ಕವನ್ನೆಲ್ಲ ಇಡುವ ಎರಡು ಡಿಸ್ಕಿನ ಡಬ್ಬ ಇದೆ, ಅದರ ದೀಪ ಹಳದಿಯಾಗಿದೆ ಅಂತ ನಾನು ಹೇಳಿದ್ದೆ. ಒಂದಲ್ಲ, ನಾಲ್ಕು ಸಲ ಹೇಳಿದ್ದೆ. ಹಸಿರು ಇರಬೇಕಾದ ಎರಡು ದೀಪದಲ್ಲಿ ಒಂದು ಹಳದಿಯಾಗಿ, ಡಬ್ಬ ಕೀ ಕೀ ಅಂತ ಕೂಗಿಕೊಳ್ಳುತ್ತಿತ್ತು. ಕಿವಿ ಇಟ್ಟರೆ ಒಳಗಿಂದ ಕಟ್ ಕಟ್ ಅನ್ನುವ ಸದ್ದು. ಯಂತ್ರ ಬೇರೆ ಹೇಗೆ ಹೇಳಬೇಕು? ಸಾಹುಕಾರರು ಏನಂದರು ಗೊತ್ತಾ? "ಮೊದ್ಲು ಆ ಕೀ ಕೀ ನಿಲ್ಸು, ವ್ಯಾಪಾರದ ಹೊತ್ತಲ್ಲಿ ತಲೆ ಚಿಟ್ಟು ಹಿಡಿಯುತ್ತೆ." ನಿಲ್ಲಿಸಿದೆ. ಹೌದು, ಸದ್ದು ಆಫ್ ಮಾಡಿದ್ದು ನಾನೇ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಫ್ ಮಾಡಿದ ಅರ್ಧ ಗಂಟೆಯಲ್ಲೇ ಡಬ್ಬ ಮಾರಿದ ಅಂಗಡಿಗೆ ಫೋನ್ ಮಾಡಿದ್ದೂ ನಾನೇ. "ನಾಳೆ ಹುಡುಗನ್ನ ಕಳಿಸ್ತೀವಿ" ಅಂದರು. ಹುಡುಗ ಬಂದದ್ದು ಹತ್ತೊಂಬತ್ತು ದಿನ ಆದ ಮೇಲೆ.

ಆ ಹತ್ತೊಂಬತ್ತು ದಿನವೂ ಡಬ್ಬ ಒಂದೇ ಡಿಸ್ಕಿನಲ್ಲಿ ಕೆಲಸ ಮಾಡಿತು. ಲೆಕ್ಕದ ಒಂದು ಸಾಲೂ ತಪ್ಪಲಿಲ್ಲ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಕೆಲಸ ಮಾಡಿದೆ. ಎರಡು ಡಿಸ್ಕ್, ಒಂದರಲ್ಲಿ ಬರೆದದ್ದು ಆ ಕ್ಷಣಕ್ಕೇ ಇನ್ನೊಂದರಲ್ಲೂ. ಇದಕ್ಕೆ ರೇಡ್ 1 ಅನ್ನುತ್ತಾರೆ. ಒಂದು ಸತ್ತರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಅದರ ಕೆಲಸ ಅಷ್ಟೇ. ಮಂಡಿಯ ಬಾಗಿಲು ಮುಚ್ಚದ ಹಾಗೆ ನೋಡಿಕೊಳ್ಳುವುದು.

ಅದನ್ನು ನಮಗೆ ಬ್ಯಾಕಪ್, ಅಂದರೆ ಕಳೆದರೆ ಇರಲಿ ಅಂತ ಬೇರೆ ಇಡುವ ಪ್ರತಿ, ಅಂತ ಹೇಳಿ ಮಾರಿದರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುವುದು. ಕೊಟೇಶನ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಕೊನೆಯ ಸಾಲು: "ಡೇಟಾ 100% ಸೇಫ್." ನಾನು ಆವತ್ತೇ ಕೇಳಿದ್ದೆ, ಹೊರಗೆ ಇಡೋಕೆ ಇನ್ನೊಂದು ಡಿಸ್ಕ್ ಬೇಡವಾ ಅಂತ. "ಸುಮ್ನೆ ದುಡ್ಡು ದಂಡ ಸಾರ್, ಇದೇ ಬ್ಯಾಕಪ್ಪು" ಅಂದರು. ಸಾಹುಕಾರರಿಗೆ ಆ ಮಾತು ಬೆಲ್ಲದ ಹಾಗೆ ಇಳಿಯಿತು. ಐದು ಸಾವಿರ ಉಳಿಯಿತಲ್ಲ!

ಬುಧವಾರ ಸಂಜೆ ಹುಡುಗ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು, ಹೆಗಲಿಗೆ ಬ್ಯಾಗು, ಕಿವಿಯಲ್ಲಿ ಫೋನು. ಮಾತಾಡುತ್ತಲೇ ಡಬ್ಬದ ಮುಂದಿನ ಮುಚ್ಚಳ ತೆಗೆದ. ಎರಡು ಡಿಸ್ಕೂ ಒಂದೇ ಕಂಪನಿಯವು, ಒಂದೇ ಅಳತೆ. ಮೇಲೆ ಒಂದು ಚೀಟಿ ಅಂಟಿಸಿರಲಿಲ್ಲ. ಅವನು ಎಡಗಡೆಯದಕ್ಕೆ ಕೈ ಹಾಕಿದ. ಹಳದಿ ದೀಪ ಇದ್ದದ್ದು ಬಲಗಡೆ.

"ತಮ್ಮಾ, ಅದು ಸರಿ ಇರೋದಲ್ವಾ?" ಅಂದೆ.

"ನೀವು ಟೆನ್ಶನ್ ಮಾಡ್ಕೋಬೇಡಿ ಅಂಕಲ್, ಕೂತ್ಕೊಳ್ಳಿ."

ಕೂತೆ. ಯಾಕೆ ಕೂತೆ? ಎದ್ದು ಕೈ ಹಿಡಿದುಕೊಳ್ಳಬೇಕಿತ್ತು. ಎಳೆದ, ಹಾಕಿದ, ಮತ್ತೆ ಎಳೆದ. ಪರದೆಯ ಮೇಲೆ ಏನೋ ಕೆಂಪು ಅಕ್ಷರ ಬಂತು. ಕೊನೆಗೆ ಸತ್ತ ಡಿಸ್ಕ್ ಹೊರಗೆ ಬಂತು, ಹೊಸದು ಒಳಗೆ ಹೋಯಿತು. ಆದರೆ ಅಷ್ಟರಲ್ಲಿ ಡಬ್ಬಕ್ಕೆ ಹಳೆಯ ಜೋಡಿಯ ಗುರುತೇ ಹೋಗಿತ್ತು. ಅವನು ಹೊಸ ಜೋಡಿ ಅಂತ ಮಾಡಿದ. ಎಲ್ಲಾ ಅಳಿಸಿ ಹೋಗುತ್ತದೆ, ಮುಂದುವರಿಸಲೇ ಅಂತ ಯಂತ್ರ ಕೇಳಿತು. ನಾನು ಆ ಸಾಲು ಓದಿ ಮುಗಿಸುವ ಮೊದಲೇ ಯೆಸ್ ಒತ್ತಿದ.

"ಸಿಂಕ್ ಆಗ್ತಾ ಇದೆ. ಮುಗಿಯೋವರೆಗೂ ಫೈಲ್ ಓಪನ್ ಮಾಡ್ಬೇಡಿ. ಬೆಳಿಗ್ಗೆ ರೆಡಿ ಇರತ್ತೆ" ಅಂತ ಹೇಳಿ ಹೋದ.

4 ಟಿಬಿ ಡಿಸ್ಕು, ಅಂದರೆ ನಲವತ್ತು ಲಕ್ಷ ಎಂಬಿ. ಸೆಕೆಂಡಿಗೆ 150 ಎಂಬಿ ಬರೆದರೂ ಏಳು ಗಂಟೆಯ ಮೇಲೆ ಬೇಕು. ನಾನು ಎದುರಿಗೇ ಕೂತು ನೋಡಿದೆ. ಹನ್ನೆರಡು ಪರ್ಸೆಂಟ್. ಹತ್ತೊಂಬತ್ತು. ಹೊರಗೆ ಗುಡುಗು ಶುರುವಾಗಿತ್ತು. ಕರೆಂಟ್ ಹೋಗದಿರಲಿ ದೇವರೇ ಅಂತ ಕೈ ಮುಗಿದೆ. ಒಂಬತ್ತು ಗಂಟೆಗೆ ಮೂವತ್ತೆಂಟು. ಏರುತ್ತಿದೆ, ಸದ್ಯ ಅಂತ ಸಮಾಧಾನದಲ್ಲಿ ಬೀಗ ಹಾಕಿಕೊಂಡು ಮನೆಗೆ ಹೋದೆ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನಕಲು ಮಾಡುತ್ತಿತ್ತು ಅದು. ಒಂದೊಂದು ಪರ್ಸೆಂಟ್ ಏರಿದಾಗಲೂ ಯಾವುದೋ ಒಬ್ಬರ ಖಾತೆ ಒರೆಸಿ ಹೋಗುತ್ತಿತ್ತು. ಕರೆಂಟ್ ಹೋಗದಿರಲಿ ಅಂತ ಕೈ ಮುಗಿದವನು ನಾನು! ಆವತ್ತು ಹೋಗಿದ್ದರೆ ಅರ್ಧವಾದರೂ ಉಳಿಯುತ್ತಿತ್ತೇನೋ.

ಗುರುವಾರ ಬೆಳಿಗ್ಗೆ ಎರಡೂ ದೀಪ ಹಸಿರು. ಫೋಲ್ಡರ್ ಖಾಲಿ.

ಈಗ ಆ ಹೊತ್ತಿನ ವಿಷಯ. ಮಳೆ ಹಿಡಿಯುವ ಮೊದಲು ಎಲ್ಲರಿಗೂ ದುಡ್ಡು ಬೇಕು. ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗಾರರಿಗೆ ಮುಂಗಡ, ಮಕ್ಕಳ ಫೀಸು. ಹತ್ತೂವರೆಗೆ ಮಂಡಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೆ ಬಂದವರೂ ಇದ್ದರು. ಹನ್ನೊಂದು ಚೀಲದವರು ಮುಂದೆ ನಿಂತಿದ್ದರು. ಎಪ್ಪತ್ತು ದಾಟಿದವರು. ನನ್ನ ಬಾಯಿಂದ ಆ ಮಾತು ಬಂದದ್ದೇ ತಡ, ಮಂಡಿಯಲ್ಲಿ ಪಿಟ್ಟೆಂದು ಸದ್ದಿಲ್ಲ. ಆಗ ಸಾಹುಕಾರರು ಗಾದಿಯ ಮೇಲಿಂದ ಎದ್ದು, ನನ್ನ ಕಡೆ ಬೆರಳು ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಕಂಪ್ಯೂಟರ್ ನೋಡ್ಕೊಳ್ಳೋದು ಇವನೇ. ನಿಮ್ಮ ಲೆಕ್ಕ ಕಳೆದಿದ್ದೂ ಇವನೇ. ಇವನನ್ನೇ ಕೇಳಿ."

ಕಳೆದಿದ್ದು ಇವನೇ. ಆ ಬೆರಳು ಈಗಲೂ ಕಣ್ಣ ಮುಂದೆ ಇದೆ. ಒಬ್ಬರು ಎದ್ದು ಹೊರಗೆ ಹೋದರು, ಫೋನ್ ಮಾಡೋಕೆ. ಇನ್ನೊಬ್ಬರು ನನ್ನನ್ನು ಕೆಳಗಿಂದ ಮೇಲೆ ನೋಡಿದರು. ನಾಲ್ಕು ಚೀಲ ಅಡಿಕೆ ಹೊಡೆದವನನ್ನು ನೋಡುವ ಹಾಗೆ. ನಾನು ಏನೂ ಮಾತಾಡಲಿಲ್ಲ. ದೀಪದ ವಿಷಯ ಹೇಳಬಹುದಿತ್ತು, ಹತ್ತೊಂಬತ್ತು ದಿನದ ವಿಷಯ ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

ಹನ್ನೊಂದು ಚೀಲದ ಅಜ್ಜ ಮಾತ್ರ ಬೈಯಲಿಲ್ಲ. ಬನಿಯನ್ ಜೇಬಿಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದರು. ರಬ್ಬರ್ ಬ್ಯಾಂಡ್ ಬಿಚ್ಚಿದರು. ಅದರೊಳಗೆ ನಾಲ್ಕು ಮಡಿಕೆ ಮಾಡಿದ ಚೀಟಿ. ಮಡಿಕೆಯಲ್ಲಿ ಕಾಗದ ಹರಿದು, ನಡುವಿನ ಅಕ್ಷರ ಅರ್ಧ ಹೋಗಿತ್ತು. ಆದರೂ ಓದೋಕೆ ಬರುತ್ತಿತ್ತು. ರಾಶಿ, ಹನ್ನೊಂದು ಚೀಲ, ತೂಕ, ತಾರೀಕು, ಕೆಳಗೆ ನನ್ನದೇ ಸಹಿ. ಅದನ್ನು ನನ್ನ ಮೇಜಿನ ಮೇಲೆ ಇಟ್ಟು, ಅಂಗೈಯಿಂದ ಸವರಿ ನೇರ ಮಾಡಿ, "ಇದನ್ನಾದ್ರೂ ನಂಬ್ತೀರಲ್ಲ?" ಅಂದರು.

ಬೈದಿದ್ದರೆ ಚೆನ್ನಾಗಿತ್ತು.

ಬಿಡಿ, ಆದದ್ದು ಆಯ್ತು ಅಂತ ಹೆಂಡತಿ ಹೇಳುತ್ತಾಳೆ. ಬಿಡಬೇಕು, ಏನು ಮಾಡೋಕಾಗತ್ತೆ. ಸತ್ತ ಡಿಸ್ಕನ್ನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸಿದ್ದೇವೆ. ಸಿಕ್ಕರೆ ಸಿಕ್ಕಿತು. ಆದರೆ ಇಲ್ಲ, ಬಿಡೋಕಾಗಲ್ಲ. ನಾನು ಪ್ರತಿ ಸಂಜೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬ್ಯಾಕಪ್ ತೆಗೆಯುತ್ತಿದ್ದೆ. ಒಂದು ದಿನ ತಪ್ಪಿಸಿಲ್ಲ. ಎಲ್ಲಿಗೆ? ಅದೇ ಡಬ್ಬದೊಳಗೆ. ಬೇರೆ ಎಲ್ಲಿ ಇಡಲಿ? ಪೆನ್ ಡ್ರೈವ್ ಮನೆಗೆ ಒಯ್ಯುತ್ತೇನೆ ಅಂದದ್ದಕ್ಕೆ "ಮಂಡಿ ಲೆಕ್ಕ ಹೊಸ್ತಿಲು ದಾಟಬಾರದು" ಅಂದಿದ್ದರು. ಇದು ನಮ್ಮ ಒಂದು ಮಂಡಿಯ ಕತೆಯೂ ಅಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದೊಡ್ಡ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡವೇ ಸುಟ್ಟು ಹೋಯಿತು. ಬ್ಯಾಕಪ್‌ಗೆ ಅಂತ ಬೇರೆ ದುಡ್ಡು ಕಟ್ಟಿದ್ದ ಕೆಲವರ ಬ್ಯಾಕಪ್ಪೂ ಅದೇ ಜಾಗದಲ್ಲಿತ್ತು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಪಾಡೇನು ಅಂತ ಸುಮ್ಮನಾಗಬೇಕಾ? ಅಥವಾ ಅದನ್ನು ನೋಡಿಯಾದರೂ ಕಲಿಯಬೇಕಿತ್ತಾ?

ಈ ಮೂರು ರಾತ್ರಿ ಕೂತು ಓದಿದೆ. ರೇಡ್ ಅನ್ನುವ ಹೆಸರು ಬಂದದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ. ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನುವ ಮೂವರು 1988ರಲ್ಲಿ ಬರೆದ ಪ್ರಬಂಧ. ಒಂದು ದುಬಾರಿ ಡಿಸ್ಕಿನ ಬದಲು ಅಗ್ಗದ ಚಿಕ್ಕ ಡಿಸ್ಕು ಹಲವು ಸೇರಿಸೋಣ, ಆದರೆ ಡಿಸ್ಕು ಜಾಸ್ತಿಯಾದಷ್ಟೂ ಯಾವುದಾದರೂ ಒಂದು ಕೆಡುವುದೂ ಜಾಸ್ತಿ, ಅದಕ್ಕೇ ಹೆಚ್ಚುವರಿ ಇಡೋಣ ಅನ್ನುವುದು ಅವರ ಲೆಕ್ಕ. ಡಿಸ್ಕು ಕೆಡುವುದಕ್ಕೆ ಇರುವ ಮದ್ದು ಅದು. ಮನುಷ್ಯ ತಪ್ಪು ಗುಂಡಿ ಒತ್ತುವುದಕ್ಕಲ್ಲ. ಅಳಿಸಿದರೆ ಎರಡರಲ್ಲೂ ಅಳಿಸುತ್ತದೆ. ವೈರಸ್ ಬಂದು ಫೈಲಿಗೆ ಬೀಗ ಹಾಕಿದರೆ ಎರಡರಲ್ಲೂ ಬೀಗ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಹೊಡೆಯುವುದು ಯಾರಿಗೆ ಗೊತ್ತಿಲ್ಲ? ಡಬ್ಬಕ್ಕೆ ಹೊಡೆದರೆ ಒಳಗಿರುವುದು ಎರಡಾದರೇನು, ಆರಾದರೇನು? ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯದರಲ್ಲಿರಲಿ, ಒಂದು ಬೇರೆ ಊರಲ್ಲೋ ಬೇರೆ ಮನೆಯಲ್ಲೋ ಇರಲಿ. ಇದು 3-2-1 ಅಂತ ಆ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತಿರುವ ಮಾತಂತೆ. ಎಲ್ಲರಿಗೂ ಗೊತ್ತಿದ್ದರೆ ನಮಗೆ ಯಾಕೆ ಒಬ್ಬರೂ ಹೇಳಲಿಲ್ಲ? ಬಂದಿಲ್ಲದ ಕೊಳೆಗೆ ಎರಡೆರಡು ಸಲ ಔಷಧಿ ಹೊಡೆಸುವ ಜನ ನಾವು. ಹೇಳಿದ್ದರೆ ಅರ್ಥವಾಗುತ್ತಿರಲಿಲ್ಲವಾ?

ಶಿವಮೊಗ್ಗದಲ್ಲಿ, ಸಾಗರದಲ್ಲಿ, ತೀರ್ಥಹಳ್ಳಿಯಲ್ಲಿ ಈ ಡಬ್ಬ ಮಾರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಆ "100% ಸೇಫ್" ಅನ್ನುವ ಸಾಲನ್ನು ಯಾವ ಧೈರ್ಯದ ಮೇಲೆ ಬರೆಯುತ್ತೀರಿ? ಡಿಸ್ಕಿಗೆ ಕೈ ಹಾಕುವ ಮೊದಲು ಒಂದು ಪ್ರತಿ ತೆಗೆಯಬೇಕು ಅಂತ ನಿಮ್ಮ ಹುಡುಗರಿಗೆ ಹೇಳಿಕೊಡುವುದಿಲ್ಲವಾ? ಆ ಹುಡುಗನನ್ನು ಕೆಲಸದಿಂದ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅವನಿಗೂ ಯಾರೂ ಹೇಳಿರಲಿಕ್ಕಿಲ್ಲ. ಅವನ ಕಡೆಗೂ ನಾಳೆ ಯಾರೋ ಬೆರಳು ತೋರಿಸುತ್ತಾರೆ.

ನಿನ್ನೆಯಿಂದ ಚೀಟಿ ನೋಡಿ ನೋಡಿ ಲೆಕ್ಕ ಕೈಯಲ್ಲಿ ಬರೆಯುತ್ತಿದ್ದೇನೆ. ಮುನ್ನೂರಕ್ಕೂ ಮೇಲೆ ಖಾತೆ. ಇವತ್ತು ಸಂಜೆಗೆ ಅರವತ್ತನಾಲ್ಕು ಆಯಿತು. ಮೊದಲ ಹಾಳೆಯಲ್ಲಿ ಹನ್ನೊಂದು ಚೀಲದ ಅಜ್ಜನದು. ಕೆಲವರ ಚೀಟಿ ಇಲ್ಲ. ಕಳೆದುಹೋಗಿದೆ, ಹಂಡೆ ಒಲೆಗೆ ಹಾಕಿದೆವು ಅನ್ನುತ್ತಾರೆ. "ಕಂಪ್ಯೂಟರಲ್ಲಿ ಇರತ್ತಲ್ಲ ಅಂತ ನೀವೇ ಹೇಳಿದ್ರಿ" ಅನ್ನುತ್ತಾರೆ. ಹೌದು, ನಾನೇ ಹೇಳಿದ್ದೆ.

ಇವತ್ತು ಐದು ಗಂಟೆಗೆ ಸಾಹುಕಾರರು ಕೊನೆಗೂ ಒಂದು ಹೊರಗಿನ ಡಿಸ್ಕ್ ತರಿಸಿದರು. ಹೊಸದು, ಕಪ್ಪು ಬಣ್ಣದ್ದು, ಅಂಗೈಯಷ್ಟು. ನನಗೆ ಒಂದು ನಿಮಿಷ ಗಂಟಲು ಕಟ್ಟಿತು. ಸಂಜೆ ಮನೆಗೆ ಒಯ್ಯಲಾ ಅಂತ ಕೇಳಿದೆ.

"ಎಲ್ಲಿಗೂ ಬೇಡ" ಅಂದರು. ತೆಗೆದುಕೊಂಡು ಹೋಗಿ ಅದೇ ಡಬ್ಬದ ಮೇಲೆ ಇಟ್ಟರು. ಅದೇ ಶೆಲ್ಫು, ಅದೇ ಪ್ಲಗ್ಗು.