ಸಮತಟ್ಟಾದ ನೆಲ ಬೇಕಾಗಿದೆ

ನಮ್ಮ ಮನೆಯಲ್ಲಿ ಒಂದು ಹಳದಿ ಯಂತ್ರವಿದೆ. ಮುಂದೆ ಮೊರದಂಥ ಬಕೆಟ್, ಹಿಂದೆ ಚೇಳಿನ ಕೊಂಡಿಯಂತೆ ಮಡಚಿಕೊಂಡ ತೋಳು, ಮುಂದಿನ ಚಕ್ರ ಚಿಕ್ಕದು, ಹಿಂದಿನದು ನನ್ನ ಎದೆಯೆತ್ತರ. ಕಂಪನಿ ಯಾವುದೆಂದು ಹೇಳುವುದಿಲ್ಲ. ಹೇಳಿದರೂ ತೀರ್ಥಹಳ್ಳಿ ಸೀಮೆಯಲ್ಲಿ ಯಾರೂ ಒಪ್ಪುವುದಿಲ್ಲ. ಇಲ್ಲಿ ಟಯರ್ ಇರುವುದೆಲ್ಲ ಜೆಸಿಬಿ, ಚೈನ್ ಇರುವುದೆಲ್ಲ ಹಿಟಾಚಿ. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಪುಣ್ಯಾತ್ಮ 1945ರಲ್ಲಿ ಬಾಡಿಗೆ ಗ್ಯಾರೇಜಿನಲ್ಲಿ ಉದ್ಯಮ ಶುರು ಮಾಡಿದ. ಅವನ ಹೆಸರಿನ ಮೂರು ಮೊದಲಕ್ಷರಗಳನ್ನು ನಮ್ಮೂರಿನವರು ಮುಂದೊಂದು ದಿನ “ಧರೆಗೆ ಜೆಸಿಬಿ ಹಾಕಿಸಿದೆ” ಎಂದು, ತೋಟಕ್ಕೆ ಗೊಬ್ಬರ ಹಾಕಿಸಿದಷ್ಟು ಸಲೀಸಾಗಿ ಬಳಸುತ್ತಾರೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರ.

ನಾನು ಯಂತ್ರ ಕೊಂಡದ್ದು ಭಾವಮೈದುನನ ಮಾತು ಕೇಳಿ. “ಭಾವ, ಅಡಿಕೆಗೆ ಕೊಳೆರೋಗ ಬರುತ್ತದೆ, ಇದಕ್ಕೇನು ಬರುತ್ತದೆ ಹೇಳಿ?” ಎಂದ. ಉತ್ತರ ನನಗೆ ಹೊಳೆಯಲಿಲ್ಲ. ಏನೇನು ಬರುತ್ತದೆ ಎಂಬುದನ್ನು ಬರೆದಿಟ್ಟ ದಪ್ಪನೆಯ ಕೈಪಿಡಿಯನ್ನು ನನ್ನ ಕೈಗಿತ್ತು ಅವನು ಬೆಂಗಳೂರಿನ ಬಸ್ ಹತ್ತಿದ.

ಕೈಪಿಡಿಯಲ್ಲಿ ಯಾವ ಪುಟ ತೆರೆದರೂ ಮೊದಲ ಸಾಲು ಒಂದೇ: ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಆಮೇಲೆ ಬಕೆಟ್ ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ. ಉಳಿದದ್ದನ್ನೆಲ್ಲ ಹೇಗೋ ಮಾಡಬಹುದು, ಮೊದಲನೆಯದೇ ಆಗದ ಮಾತು. ಇದನ್ನು ಬರೆದವರು ಆಗುಂಬೆಯ ಕಡೆ ಒಮ್ಮೆಯೂ ಬಂದವರಲ್ಲ. ನಮ್ಮಲ್ಲಿ ನೆಲವೆಂದರೆ ಏರು, ಇಲ್ಲವೇ ಇಳುಕಲು. ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಎಂಬುದಷ್ಟೇ ವ್ಯತ್ಯಾಸ. ಸಮತಟ್ಟು ಬೇಕೆಂದರೆ ಜೆಸಿಬಿ ಕರೆಸಿ ಮಾಡಿಸಿಕೊಳ್ಳಬೇಕು. ಜೆಸಿಬಿಗೇ ಬೇಕೆಂದರೆ?

ಒಂದೇ ಒಂದು ಸಮತಟ್ಟು ಜಾಗವಿತ್ತು. ಅದು ಅಮ್ಮನ ಅಡಿಕೆ ಅಂಗಳ. ಸಗಣಿ ಸಾರಿಸಿ ಕನ್ನಡಿ ಮಾಡಿದ ಆ ಅಂಗಳದ ಅಂಚಿಗೆ ಆಪರೇಟರ್ ಮುಂದಿನ ಚಕ್ರ ತಾಗಿಸಿದ್ದನೋ ಇಲ್ಲವೋ, ಅಮ್ಮ ಹಿಡಿಕಟ್ಟು ಪೊರಕೆ ಹಿಡಿದು ಹೊರಗೆ ಬಂದಳು. ಏಳೆಂಟು ಟನ್ ತೂಕದ ಯಂತ್ರ ರಿವರ್ಸ್ ಗೇರಿನಲ್ಲಿ ಅಷ್ಟು ವೇಗವಾಗಿ ಹೋದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಹೀಗಾಗಿ ಅದು ಮನೆ ಹಿಂದಿನ ಏರಿನಲ್ಲಿ, ಆಕಾಶಕ್ಕೆ ಮೂತಿ ಮಾಡಿಕೊಂಡು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟುಕೊಂಡು ನಿಲ್ಲುತ್ತಿತ್ತು. ಆಪರೇಟರ್ ಜಾತ್ರೆಗೆಂದು ಊರಿಗೆ ಹೋದ ವಾರ ನಾನೇ ಎಂಜಿನ್ ಆಯಿಲ್ ನೋಡಿದೆ. ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದರೆ ಎಣ್ಣೆ ಕೆಳಗಿನ ಗೀರನ್ನೂ ಮುಟ್ಟಿರಲಿಲ್ಲ. ಎದೆ ಧಸಕ್ಕೆಂದಿತು. ಎಣ್ಣೆಯಿಲ್ಲದೆ ಓಡಿದರೆ ಎಂಜಿನ್ ಹಿಡಿದುಕೊಂಡು ಬಿಡುತ್ತದೆ ಎಂಬಷ್ಟು ಜ್ಞಾನ ನನಗಿತ್ತು. ಎರಡು ಲೀಟರ್ ಸುರಿದೆ. ಇಳಿಜಾರಿನಲ್ಲಿ ಎಣ್ಣೆಯೂ ನೀರಿನ ಹಾಗೆ ತಗ್ಗಿಗೆ ಹೋಗಿ ಕೂರುತ್ತದೆ ಎಂಬ ಜ್ಞಾನ ಬಂದದ್ದು ಮೂರು ದಿನದ ಮೇಲೆ, ಶಾಲೆಯ ಮೈದಾನದಲ್ಲಿ. ಯಂತ್ರ ನೀಲಿ ಹೊಗೆ ಬಿಡುತ್ತಾ ನಿಂತಿತ್ತು, ಮಕ್ಕಳು ಕೆಮ್ಮುತ್ತಾ ನಿಂತಿದ್ದರು. ಆಪರೇಟರ್ ಕಡ್ಡಿ ಎಳೆದು ನೋಡಿ, ನನ್ನನ್ನು ನೋಡಿ, ಏನೂ ಮಾತಾಡದೆ ಅಡಿಯಲ್ಲಿ ತೂರಿ ಹೆಚ್ಚಿನ ಎಣ್ಣೆ ಇಳಿಸಿದ. ಖೋ ಖೋ ಅಂಕಣದ ಒಂದು ಗೆರೆ ಈಗಲೂ ಕಪ್ಪಾಗಿದೆ. ದೈಹಿಕ ಶಿಕ್ಷಕರು ಎದುರಿಗೆ ಸಿಕ್ಕರೆ ನಾನು ರಸ್ತೆಯ ಆ ಬದಿಗೆ ದಾಟುತ್ತೇನೆ.

ಗ್ರೀಸ್ ಹೊಡೆಯಲು ಸಮತಟ್ಟು ನೆಲವೇನೂ ಬೇಡ, ಅದನ್ನಾದರೂ ಕಲಿಯೋಣ ಎಂದುಕೊಂಡೆ. ಒಂದು ಕಬ್ಬಿಣ ಇನ್ನೊಂದರ ಜೊತೆ ಪಿನ್ನಿನಿಂದ ಕೂಡಿಕೊಂಡು ಆಡುವ ಕಡೆಯಲ್ಲೆಲ್ಲ ಕಡಲೆಕಾಳಿನಷ್ಟು ನಿಪ್ಪಲ್ ಇರುತ್ತದೆ. ಮೊದಲು ಅದರ ಮೇಲಿನ ಮಣ್ಣು ಒರೆಸಬೇಕು. ಇಲ್ಲದಿದ್ದರೆ ಗ್ರೀಸಿನ ಜೊತೆಗೆ ಮಣ್ಣನ್ನೂ ಒಳಗೆ ತಳ್ಳಿ, ಪಿನ್ನನ್ನೂ ಅದು ಕೂರುವ ಬುಶ್ಶನ್ನೂ ನಾವೇ ಅರೆದ ಹಾಗೆ. ಆಮೇಲೆ ಗನ್ ಕಚ್ಚಿಸಿ ಒತ್ತುತ್ತಾ ಹೋದರೆ ಹೊಸ ಗ್ರೀಸ್ ಒಳಹೊಕ್ಕು, ಹಳೆಯ ಕಪ್ಪು ಗ್ರೀಸ್ ಪಿನ್ನಿನ ಅಂಚಿನಿಂದ ಒತ್ತುಶಾವಿಗೆಯ ಹಾಗೆ ಇಳಿಯುತ್ತದೆ. ನೋಡಲು ಬಹಳ ತೃಪ್ತಿ ಕೊಡುವ ದೃಶ್ಯ. ಅದನ್ನು ನೋಡಲೆಂದೇ ನಾನು ನಲವತ್ತು ಸಲ ಒತ್ತಿದೆ. ಶಾವಿಗೆ ಬರಲಿಲ್ಲ.

“ಅಣ್ಣ, ಅರ್ಧ ಗಂಟೆಯಿಂದ ಗಾಳಿ ಹೊಡೆಯುತ್ತಿದ್ದೀರಿ,” ಎಂದ ಆಪರೇಟರ್, ಕೂತಲ್ಲಿಂದ ಏಳದೆ. ಗನ್ನಿನೊಳಗೆ ಗಾಳಿ ಸಿಕ್ಕಿಕೊಂಡರೆ ಗ್ರೀಸ್ ಮುಂದೆ ಬರುವುದಿಲ್ಲವಂತೆ. ತಲೆಯ ಭಾಗವನ್ನು ಒಂದು ಸುತ್ತು ಸಡಿಲಿಸಿ ಗಾಳಿ ಬಿಡಬೇಕಂತೆ. ಬಿಟ್ಟೆ. ಮುಂದಿನ ಒತ್ತಿಗೆ ಗ್ರೀಸ್ ಬಂತು, ನಿಪ್ಪಲ್ಲಿನೊಳಕ್ಕಲ್ಲ, ನನ್ನ ಅಂಗಿಯ ಜೇಬಿನೊಳಕ್ಕೆ. ಆ ದಿನ ನಾನು ಮನೆಯಲ್ಲಿ ಎಲ್ಲೆಲ್ಲಿ ಓಡಾಡಿದೆ ಎಂದು ಹೆಂಡತಿ ಯಾರನ್ನೂ ಕೇಳಬೇಕಾಗಲಿಲ್ಲ. ಬಾಗಿಲ ದಾರಂದ, ನೀರಿನ ಚೊಂಬು, ಮೊಬೈಲ್, ಕೊನೆಗೆ ಕೊಟ್ಟಿಗೆಯ ಕರುವಿನ ಹಣೆ. ಎಲ್ಲ ಕಡೆಯೂ ನನ್ನ ಸಹಿ ಇತ್ತು.

ಏರ್ ಫಿಲ್ಟರಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ನಾಚಿಕೆಯಾಗುತ್ತದೆ. ಅದು ಕಾಗದದ್ದು. ಹೊರಗಿನದನ್ನು ಮೆಲ್ಲಗೆ ಒಳಗಿನಿಂದ ಹೊರಕ್ಕೆ ಗಾಳಿ ಹಿಡಿದು ಧೂಳು ತೆಗೆಯಬಹುದು. ಅದರೊಳಗಿನ ಚಿಕ್ಕದನ್ನು ಮುಟ್ಟಲೇಬಾರದು, ಕಾಲ ಬಂದಾಗ ಬದಲಿಸಬೇಕು ಅಷ್ಟೆ. ನಾನು ಎರಡನ್ನೂ ಬಚ್ಚಲಿಗೆ ಒಯ್ದು, ಬಟ್ಟೆ ಸೋಪು ಹಾಕಿ ತಿಕ್ಕಿ, ಹಂಡೆಯ ಒಲೆಯ ಪಕ್ಕ ಒಣಗಿಸಿದೆ. ಒಣಗಿದ ಮೇಲೆ ಅವು ಸುಟ್ಟ ಹಪ್ಪಳದ ಹಾಗಿದ್ದವು. ಶಿವಮೊಗ್ಗದಿಂದ ಬಂದ ಮೆಕ್ಯಾನಿಕ್ ಅವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಬಹಳ ಮರ್ಯಾದೆಯಿಂದ, “ನೀಲಿ ಹಾಕಲಿಲ್ಲವೇ ಸಾರ್?” ಎಂದು ಕೇಳಿದ.

ಅದೇ ಮೆಕ್ಯಾನಿಕ್, ತೋಳು, ಬಕೆಟ್ ಆಡಿಸುವ ಎಣ್ಣೆ ಹರಿಯುವ ಹೈಡ್ರಾಲಿಕ್ ಹೋಸ್ ಪರೀಕ್ಷಿಸುವುದನ್ನೂ ಕಲಿಸಿದ. ಸೂಜಿಮೊನೆಯಷ್ಟು ತೂತಾಗಿದ್ದರೂ ಕೈ ಸವರಿ ಹುಡುಕಬಾರದು. ಒಳಗಿನ ಎಣ್ಣೆಯ ಒತ್ತಡ 200 ಬಾರ್ ದಾಟುತ್ತದೆ, ಅಂದರೆ ಕಾರಿನ ಟಯರಿನ ಗಾಳಿಯ ನೂರರಷ್ಟು. ಚರ್ಮ ತೂರಿ ಒಳಗೆ ಹೋದರೆ ಸೀದಾ ಆಸ್ಪತ್ರೆಯೇ ಗತಿ. ರಟ್ಟಿನ ತುಂಡು ಹಿಡಿದು ನೋಡಬೇಕು, ಅದೂ ದೂರದಿಂದ. ಇದೊಂದು ಪಾಠವನ್ನು ನಾನು ಹಾಸ್ಯ ಬದಿಗಿಟ್ಟು ಪಾಲಿಸಿದೆ. ಕೈಗೆ ಸಿಕ್ಕ ದಪ್ಪ ಕಾಗದ ಹಿಡಿದೆ, ಸೋರಿಕೆ ಸಿಕ್ಕಿತು, ಎಣ್ಣೆಯ ಗೆರೆ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿತು. ಆ ಕಾಗದ ಹೆಂಡತಿಯ ಸೋದರಮಾವನ ಮಗಳ ಮದುವೆಯ ಕರೆಯೋಲೆಯಾಗಿತ್ತು, ಗೆರೆ ಮೂಡಿದ್ದು ಸರಿಯಾಗಿ ಮುಹೂರ್ತದ ಸಮಯದ ಮೇಲೆ. ನಾವು ತಲುಪಿದಾಗ ಎರಡನೆಯ ಪಂಕ್ತಿ ಏಳುತ್ತಿತ್ತು.

ಸರ್ವಿಸ್ ಲೆಕ್ಕ ಇನ್ನೊಂದು ಗೋಜಲು. ಈ ಯಂತ್ರಕ್ಕೆ ಕಿಲೋಮೀಟರಿನ ಹಂಗಿಲ್ಲ, ನಿಂತಲ್ಲೇ ನಿಂತು ದುಡಿಯುವ ಜೀವ. ಎಲ್ಲವೂ ಗಂಟೆಯ ಲೆಕ್ಕ. ನಮ್ಮದಕ್ಕೆ 500 ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು. ಮೀಟರ್ ನೋಡಿ ಬರೆದಿಡಲೆಂದು ನೋಟ್‌ಬುಕ್ ಕೊಟ್ಟರೆ ಆಪರೇಟರ್ ಅದರಲ್ಲಿ ಡೀಸೆಲ್ ಸಾಲ ಬರೆದ. ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ, “ಕೆಳಗಿನ ಮನೆಯವರ ಅಗಳ ತೋಡಿದಾಗ” ಎನ್ನುತ್ತಾನೆ. ಅವನ ನೆನಪು ತಪ್ಪಿದ್ದಿಲ್ಲ ಎಂಬುದೇ ನನಗೆ ಸಿಟ್ಟು ತರಿಸುವ ಸಂಗತಿ.

ಮಳೆಗಾಲದಲ್ಲಿ ಕೆಲಸವಿಲ್ಲ. ಆದರೆ ಯಂತ್ರ ಕೆಡುವುದು ದುಡಿಯುವಾಗಲ್ಲ, ಸುಮ್ಮನೆ ನಿಂತಾಗ. ಬ್ಯಾಟರಿ ಇಳಿಯುತ್ತದೆ, ಡೀಸೆಲಿನಲ್ಲಿ ನೀರು ಸೇರುತ್ತದೆ, ಇಲಿಗಳು ವೈರ್ ಕಡಿಯುತ್ತವೆ. ವಾರಕ್ಕೊಮ್ಮೆ ಚಾಲೂ ಮಾಡಿ ತೋಳು, ಬಕೆಟ್ ಆಡಿಸಬೇಕು. ಆ ವರ್ಷ ಆಷಾಢದಲ್ಲಿ ಹೋಗಿ ನೋಡಿದರೆ ಮುಂದಿನ ಬಕೆಟ್ಟಿನಲ್ಲಿ, ಸೋಗೆಯ ಮರೆಯಲ್ಲಿ ನಮ್ಮ ಕೆಂಪು ಹ್ಯಾಟೆಕೋಳಿ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು.

“ಇಪ್ಪತ್ತೊಂದು ದಿನ ಅದನ್ನು ಮುಟ್ಟಬೇಡ,” ಎಂದಳು ಅಮ್ಮ.

“ಅಮ್ಮ, ಬ್ಯಾಟರಿ ಸಾಯುತ್ತದೆ.”

“ಸತ್ತರೆ ಅಂಗಡಿಯಲ್ಲಿ ಸಿಗುತ್ತದೆ. ಮರಿ ಸಿಗುತ್ತದೆಯೇನೋ?”

ಬ್ಯಾಟರಿ ಸತ್ತಿತು. ಒಂಬತ್ತು ಮರಿಗಳಾದವು. ಬ್ಯಾಟರಿಯ ಬೆಲೆಯನ್ನು ಒಂಬತ್ತರಿಂದ ಭಾಗಿಸಿ ಒಂದೊಂದು ಮರಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ಅಮ್ಮನಿಗೆ ತೋರಿಸಿದೆ. “ನೀನು ಸಾಕಿದ್ದರೆ ಅದೂ ಆಗುತ್ತಿರಲಿಲ್ಲ” ಎಂದಳು.

ಆಯುಧಪೂಜೆಗೆ ತೊಳೆದು, ವಿಭೂತಿ ಬಳಿದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಕಲ್ಲು ತೆಗೆದು ನಿಂಬೆಹಣ್ಣು ಇಟ್ಟವನು ನಾನೇ; ನಿಂಬೆಹಣ್ಣು ಏರಿನಲ್ಲಿ ಯಂತ್ರವನ್ನು ತಡೆಯುವುದಿಲ್ಲ ಎಂದು ಆಪರೇಟರ್ ಮತ್ತೆ ಕಲ್ಲು ಕೊಟ್ಟ. ಮೂತಿಗೆ ಮಾರುಗಟ್ಟಲೆ ಉದ್ದದ ಚೆಂಡುಹೂವಿನ ಹಾರವನ್ನು ಮೂರು ಸುತ್ತು ಸುತ್ತಿದ್ದೆವು. ಮರುದಿನ ಕೆಲಸಕ್ಕೆ ಹೋದ ಯಂತ್ರ ಎರಡು ತಾಸಿನಲ್ಲಿ ಕಾದು ಕೆಂಡವಾಯಿತು. ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿಯ ತುಂಬ ಹೂವಿನ ಎಸಳು. ದೇವರ ಹೂವು, ಕಿತ್ತೆಸೆಯಲು ಆಪರೇಟರ್ ಒಪ್ಪದೆ, ಒಂದೊಂದಾಗಿ ಬಿಡಿಸಿ ಪೇಪರಿನಲ್ಲಿ ಕಟ್ಟಿ ತಂದ.

ದೀಪಾವಳಿ ಕಳೆದ ಮೇಲೆ ನಾನು ಗಟ್ಟಿ ಮನಸ್ಸು ಮಾಡಿದೆ. ಊರಿನವರ ನೆಲವನ್ನೆಲ್ಲ ಸಮ ಮಾಡಿ ಬರುವ ಯಂತ್ರಕ್ಕೆ ಸ್ವಂತದ್ದೊಂದು ಸಮ ಜಾಗವಿಲ್ಲವೆಂದರೆ ಹೇಗೆ? ಕೊಟ್ಟಿಗೆಯ ಪಕ್ಕದ ಧರೆ ಕಡಿದು, ಮಣ್ಣು ಎಳೆದು, ಅದೇ ಯಂತ್ರವನ್ನು ಹಿಂದೆ ಮುಂದೆ ಓಡಿಸಿ ತುಳಿಸಿದೆವು. ಗಾರೆಯವರ ನೀರಿನ ಪೈಪ್ ತಂದು ನಾಲ್ಕು ಮೂಲೆಯಲ್ಲಿ ಮಟ್ಟ ಹಿಡಿದೆವು. ಒಂದೂವರೆ ದಿನದ ಕೆಲಸ. ಬಾಡಿಗೆಗೆ ಹೋಗಿದ್ದರೆ ಎಷ್ಟಾಗುತ್ತಿತ್ತು ಎಂದು ಆಪರೇಟರ್ ಮೂರು ಸಲ ನೆನಪಿಸಿದ. ಸಂಜೆ ಯಂತ್ರ ಅಲ್ಲಿ ನಿಂತಾಗ ಮೊದಲ ಸಲ ಅದರ ಮೂತಿ ಎದುರಿಗೆ ನೋಡುತ್ತಿತ್ತು. ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದೆ. ಎಣ್ಣೆ ಎರಡು ಗೀರುಗಳ ನಟ್ಟನಡುವೆ ನಿಂತಿತ್ತು. ಕಡ್ಡಿಯನ್ನು ಹಾಗೆಯೇ ಹಿಡಿದುಕೊಂಡು ಹೋಗಿ ಹೆಂಡತಿಗೂ ತೋರಿಸಿ ಬಂದೆ.

ಅಮ್ಮನೂ ನೋಡಲು ಬಂದಳು. ಕಡ್ಡಿ ನೋಡಲಿಲ್ಲ. ಸೊಂಟದ ಎಲೆಯಡಿಕೆ ಚೀಲದಿಂದ ಒಂದು ಗೋಟಡಿಕೆ ತೆಗೆದು ನೆಲದ ಮೇಲಿಟ್ಟಳು. ಉರುಳಲಿಲ್ಲ. ಇನ್ನೊಂದು ಕಡೆ ಇಟ್ಟಳು. ಅಲ್ಲಿಯೂ ಉರುಳಲಿಲ್ಲ. “ಬಿಸಿಲೂ ಚೆನ್ನಾಗಿ ಬೀಳುತ್ತದೆ,” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಒಳಗೆ ಹೋದಳು. ನನಗೆ ಆಗಲೇ ತಿಳಿಯಬೇಕಿತ್ತು.

ಮರುವಾರ ಅಡಿಕೆಯ ಕೊನೆಕೊಯ್ಲು ಶುರುವಾಯಿತು. ಈ ಸಲ ಫಸಲು ಹೆಚ್ಚು, ಹಳೆಯ ಅಂಗಳ ಸಾಲಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಹೊಸ ಜಾಗ ಸಗಣಿ ಸಾರಿಸಿಕೊಂಡು ಒಣಗಿ, ಬೇಯಿಸಿದ ಅಡಿಕೆಯನ್ನು ಅಂಚಿನಿಂದ ಅಂಚಿಗೆ ಹರವಿಕೊಂಡು ಮಿನುಗುತ್ತಿತ್ತು. ಯಂತ್ರ ಮನೆ ಹಿಂದಿನ ಏರಿನಲ್ಲಿ ಆಕಾಶ ನೋಡುತ್ತಾ ನಿಂತಿತ್ತು, ಚಕ್ರಕ್ಕೆ ಅದೇ ಹಳೆಯ ಕಲ್ಲು.

“ಅಣ್ಣ, ಆಯಿಲ್ ನೋಡಲೇ?” ಎಂದು ಆಪರೇಟರ್ ಕೇಳಿದ.

“ಅಡಿಕೆ ಒಣಗಲಿ,” ಎಂದೆ.