ಆಚೆ ದಡ ಕಾಣುವ ಸಮುದ್ರ

ಮಂಗಳೂರಿಗೆ ಹೋದವರೆಲ್ಲ ಸಮುದ್ರ ನೋಡಿ ಬಂದೆವು ಎನ್ನುತ್ತಾರೆ. ಅವರಲ್ಲಿ ಅನೇಕರು ನೋಡಿದ್ದು ನದಿಯನ್ನು ಎಂಬ ಗುಮಾನಿ ನನಗಿದೆ. ತಪ್ಪು ಅವರದಲ್ಲ, ಫಲ್ಗುಣಿಯದು. ಗುರುಪುರ ನದಿ ಎಂದೂ ಕರೆಸಿಕೊಳ್ಳುವ ಈ ಮಹಾತಾಯಿ ಇನ್ನೇನು ಕಡಲು ಸೇರಿಯೇಬಿಟ್ಟಳು ಎನ್ನುವಷ್ಟು ಹತ್ತಿರ ಬಂದು, ಏನೋ ನೆನಪಾದವಳಂತೆ ದಕ್ಷಿಣಕ್ಕೆ ತಿರುಗಿ, ಊರಿನ ಪಕ್ಕದಲ್ಲೇ ಸಾಗಿ, ನೇತ್ರಾವತಿಯನ್ನು ಕೂಡಿಕೊಂಡ ಮೇಲೆಯೇ ಅಳಿವೆಯ ಮುಖ ನೋಡುತ್ತಾಳೆ. ಆಕೆಗೂ ಕಡಲಿಗೂ ನಡುವೆ ತಣ್ಣೀರುಬಾವಿ, ಬೆಂಗ್ರೆಗಳ ಉದ್ದನೆಯ ಮರಳು ಪಟ್ಟಿ. ಪೇಟೆಯ ನಡುವಿನಿಂದ ಮೂಗಿನ ನೇರಕ್ಕೆ ಪಶ್ಚಿಮಕ್ಕೆ ನಡೆದರೂ ಮೊದಲು ಸಿಗುವುದು ನದಿಯೇ.

ಇದನ್ನು ನನ್ನ ಸೋದರಮಾವನಿಗೆ ಹೇಳುವವರು ಯಾರು? ಅವರು ದಾವಣಗೆರೆ ಸುತ್ತಮುತ್ತಲಿನ ಹೊಲಗಳನ್ನು ಅಳೆದು ಅಳೆದೇ ನಿವೃತ್ತರಾದ ಸರ್ವೆಯರ್. ದಿಕ್ಕು, ದೂರಗಳ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವುದು ಅವರ ಸೇವಾ ನಿಯಮಗಳಲ್ಲಿ ಇರಲಿಲ್ಲ. ಅತ್ತೆಗೆ ಸಮುದ್ರರಾಜನಿಗೆ ಪೂಜೆ ಸಲ್ಲಿಸುವ ಹರಕೆಯೊಂದಿತ್ತು. ಏತಕ್ಕಾಗಿ ಹೊತ್ತದ್ದು ಎಂಬುದನ್ನು ಅವರು ಮಾವನಿಗೂ ಹೇಳಿರಲಿಲ್ಲ. ಹೀಗೆ ಡಿಸೆಂಬರಿನ ಒಂದು ಶನಿವಾರ ಬೆಳಗ್ಗೆ, ಸ್ವೆಟರ್ ತೊಟ್ಟ ಮಾವ, ಹಣ್ಣುಕಾಯಿಯ ಚೀಲ ಹಿಡಿದ ಅತ್ತೆ ಮತ್ತು ಉಳಿದ ಸಾಮಾನೆಲ್ಲ ಹೊತ್ತ ನಾನು ಬಿಜೈ ಬಸ್ ನಿಲ್ದಾಣದಲ್ಲಿ ಇಳಿದೆವು. ಎ.ಸಿ. ಬಸ್ಸಿನಿಂದ ಕಾಲು ಕೆಳಗಿಟ್ಟದ್ದೇ ತಡ, ಮಾವನ ಕನ್ನಡಕದ ಗಾಜು ಮಂಜಾಗಿ ಏನೂ ಕಾಣದಾಯಿತು. ಎಂಟು ಗಂಟೆಗೆಲ್ಲ ಸ್ವೆಟರ್ ನನ್ನ ಹೆಗಲಿಗೆ ಬಂತು.

ಸಿಟಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿ ಬಸ್ಸಿನ ಬಾಗಿಲಲ್ಲೂ ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡ ಖಾಕಿ ಅಂಗಿಯ ನಿರ್ವಾಹಕ. ಎಲ್ಲರ ಬಾಯಲ್ಲೂ ಒಂದೇ ಕೂಗು: "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್!" ಮಾವ ಕೈಗಡಿಯಾರದ ತಾರೀಕು ನೋಡಿಕೊಂಡರು. "ಇವತ್ತು ಎರಡನೇ ಶನಿವಾರ ಕಣಪ್ಪಾ, ಬ್ಯಾಂಕಿಗೆ ರಜೆ. ಇಷ್ಟೊಂದು ಜನ ಹೋಗಿ ಏನು ಮಾಡುತ್ತಾರೆ?" ಪಿಂಚಣಿದಾರರ ಕಾಳಜಿ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಸಮಾಧಾನದಿಂದ ವಿವರಿಸಿದರು: "ಅವರು ಬ್ಯಾಂಕಿಗೆ ಹೋಗುವುದಲ್ಲ ಮಾರಾಯರೇ, ಸ್ಟೇಟ್ ಬ್ಯಾಂಕಿಗೆ ಹೋಗುವುದು."

ಸಿಟಿ ಬಸ್ಸುಗಳು ಹೊರಡುವ, ಬಂದು ಸೇರುವ ಜಾಗಕ್ಕೆ ಹತ್ತಿರದ ಬ್ಯಾಂಕಿನ ಹೆಸರೇ ಅಂಟಿಕೊಂಡಿದೆ, ಅಷ್ಟೇ. ಆದರೆ ಅದನ್ನು ಮಾವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಬಸ್ಸು ನಮ್ಮನ್ನು ಒಳಗೆಳೆದುಕೊಂಡು ಹೊರಟಾಗಿತ್ತು. ಹತ್ತಿಕೊಂಡೆವು ಎನ್ನುವುದು ಅತಿಶಯೋಕ್ತಿಯಾದೀತು. ನಿರ್ವಾಹಕನ ಎಡಗೈ ಬೆರಳುಗಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟುಗಳು, ತುಟಿಯ ನಡುವೆ ಸೀಟಿ. ಬಲಗೈ ಬಸ್ಸಿನ ತಗಡಿಗೆ ಬಡಿಯುವುದು, ಟಿಕೆಟ್ ಕೊಡುವುದು, ಬೀಳುವ ಮಗುವನ್ನು ಹಿಡಿಯುವುದು ಮೂರನ್ನೂ ಮಾಡುತ್ತಿತ್ತು. "ದುಂಬು ಪೋಲೆ, ದುಂಬು ಪೋಲೆ" ಎಂದು ತುಳುವಿನಲ್ಲಿ ಎಲ್ಲರನ್ನೂ ಮುಂದೆ ದೂಡಿದ; ಒಬ್ಬ ಅಜ್ಜಿಗೆ ಕೊಂಕಣಿಯಲ್ಲಿ ಚಿಲ್ಲರೆ ಕೊಟ್ಟ; ಹಿಂದಿನ ಸೀಟಿನ ಹುಡುಗನಿಗೆ ಬ್ಯಾರಿಯಲ್ಲಿ ಏನೋ ಗದರಿದ; ಮಾವನ ಹತ್ತಿರ ಬಂದು ಅಚ್ಚ ಕನ್ನಡದಲ್ಲಿ, "ಸರ್, ನೀವು ಕಂಬ ಹಿಡಿದುಕೊಳ್ಳಿ, ನನ್ನನ್ನಲ್ಲ" ಎಂದ. ನಡುವೆ "ಲಾಲ್‌ಬಾಗ್!" ಎಂಬ ಕೂಗಿಗೆ ಅತ್ತೆ ಹೂದೋಟ ನೋಡಲು ಕಿಟಕಿಯತ್ತ ಬಗ್ಗಿದರು. ಕಂಡದ್ದು ಮಹಾನಗರಪಾಲಿಕೆಯ ಕಟ್ಟಡ.

ಇಳಿದ ಮೇಲೆ ನಕ್ಷೆಯ ಸರದಿ. ಸಂತ ಅಲೋಶಿಯಸ್ ಚಾಪೆಲ್ ಮೊಬೈಲಿನಲ್ಲಿ ಕೂಗಳತೆಯ ದೂರದಲ್ಲಿತ್ತು. ಆದರೆ ಇದು ಗುಡ್ಡಗಳ ಊರು. ಮೊಬೈಲ್ ತೋರಿಸುವ ದೂರದಲ್ಲಿ ಏರು ಲೆಕ್ಕಕ್ಕೆ ಬರುವುದಿಲ್ಲ. ಬಯಲುಸೀಮೆಯ ಕಾಲುಗಳು ಬಾವುಟಗುಡ್ಡೆ ಹತ್ತಿ ಮುಗಿಸುವಷ್ಟರಲ್ಲಿ ಮಾವನ ಅಂಗಿ ಬೆನ್ನಿಗೆ ಅಂಟಿತ್ತು. ಇಟಲಿಯ ಅಂತೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳು ಗೋಡೆ, ಚಾವಣಿಗಳ ತುಂಬ ಇದ್ದವು. ಅತ್ತೆ ಬಾಯಿ ತೆರೆದು ನೋಡಿದರು. ಮಾವ ಮಾತ್ರ ಕತ್ತೆತ್ತಿ, ತುಟಿಯಾಡಿಸುತ್ತ, ಒಟ್ಟು ಎಷ್ಟು ಚದರಡಿ ಎಂದು ಲೆಕ್ಕ ಹಾಕಿದರು. ಆಮೇಲೆ ಕತ್ತು ಕೆಳಗಿಳಿಯಲು ತುಸು ಹೊತ್ತು ಹಿಡಿಯಿತು.

ಠಾಗೋರ್ ಪಾರ್ಕಿನ ಹಳೆಯ ದೀಪಸ್ತಂಭದ ಬಳಿ ನಿಂತಾಗ ತೆಂಗಿನ ತಲೆಗಳ ಆಚೆ ಒಂದು ನೀಲಿ ಗೆರೆ ಕಂಡಿತು. "ಅಗೋ, ಇಳಿದರೆ ಸಿಕ್ಕಿತು" ಎಂದರು ಮಾವ. ಆಟೋದವನಿಗೆ "ದೋಣಿಗಳಿರುವ ಕಡೆ ಬಿಡಪ್ಪಾ" ಎಂಬ ಅಪ್ಪಣೆಯಾಯಿತು. ಅವನು ಹೇಳಿದ್ದನ್ನೇ ಮಾಡಿದ. ಮೀನುಗಾರಿಕೆಯ ದಕ್ಕೆಯಲ್ಲಿ ತಂದು ಇಳಿಸಿದ. ದೋಣಿಗಳಿಗೇನೂ ಕೊರತೆಯಿರಲಿಲ್ಲ. ಬುಟ್ಟಿ ಬುಟ್ಟಿ ಬಂಗುಡೆ, ಭೂತಾಯಿ ಮೀನು, ಕರಗುತ್ತಿರುವ ಮಂಜುಗಡ್ಡೆ, ಹರಾಜಿನ ಗದ್ದಲ. ಮೊಟ್ಟೆಯನ್ನೂ ಮುಟ್ಟದ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಣ್ಣುಕಾಯಿಯ ಚೀಲವನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಿಂತರು. ಮಾವನ ಕಣ್ಣು ಬೇರೆಡೆ ಇತ್ತು. "ಏನಯ್ಯಾ, ಆಚೆ ದಡ ಕಾಣುತ್ತಿದೆ. ಮನೆಗಳೂ ಇವೆ. ಇದೆಂಥ ಸಮುದ್ರ?"

"ಅದು ಬೆಂಗ್ರೆ. ಕಡಲು ಅದರ ಆಚೆ" ಎಂದರು ಬಲೆ ಹೊಲಿಯುತ್ತಿದ್ದವರೊಬ್ಬರು. ಸುಲ್ತಾನ್ ಬತ್ತೇರಿಗೆ ಹೋದರೆ ದೋಣಿ ಸಿಗುತ್ತದೆ, ತಣ್ಣೀರುಬಾವಿಗೆ ದಾಟಬಹುದು ಎಂದು ದಾರಿಯನ್ನೂ ಹೇಳಿದರು.

ಬತ್ತೇರಿ ಎಂಬುದು 1784ರಲ್ಲಿ ಟಿಪ್ಪು ಕಟ್ಟಿಸಿದ ಕಲ್ಲಿನ ಕಾವಲು ಗೋಪುರ. ಶತ್ರುಗಳ ಯುದ್ಧನೌಕೆಗಳು ನದಿಯೊಳಕ್ಕೆ ನುಗ್ಗದಂತೆ ನೋಡಿಕೊಳ್ಳಲು ಕಟ್ಟಿದ್ದು. ಇದನ್ನು ನಾನು ಹೇಳಲೇಬಾರದಿತ್ತೇನೋ. "ಯುದ್ಧನೌಕೆ ನದಿಗೆ ಬರುತ್ತದೆಯೇ? ಹಾಗಾದರೆ ಇದು ಸಮುದ್ರವೇ" ಎಂದು ಮಾವ ಹೊಸ ವಾದ ಹೂಡಿದರು. ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರೆತ್ತಿ, ನಾಲಗೆಯ ತುದಿಗೆ ತಾಗಿಸಿ, "ಉಪ್ಪು!" ಎಂದು ಘೋಷಿಸಿದರು. ಸ್ಥಳ ಪರಿಶೀಲನೆ ಮುಗಿಯಿತು. ಎದುರು ದಡ ಕಣ್ಣಳತೆಯಲ್ಲೇ ಇದ್ದರೂ ಅದನ್ನು ವರದಿಯಿಂದ ಕೈಬಿಡಲಾಯಿತು.

ಬೆಳಗಿನಿಂದ ಚೀಲ ಹೊತ್ತು ಸೋತಿದ್ದ ಅತ್ತೆಗೆ ಅಷ್ಟೇ ಸಾಕಾಗಿತ್ತು. ಕಲ್ಲಿನ ಮೇಲೆ ಅರಿಸಿನ, ಕುಂಕುಮ, ವೀಳ್ಯದೆಲೆ ಹರಡಿ ಕೂತೇಬಿಟ್ಟರು. ಕರ್ಪೂರ ಹಚ್ಚಿದಾಗೆಲ್ಲ ಗಾಳಿ ಆರಿಸಿತು. ಕೊನೆಗೆ ಸ್ವೆಟರನ್ನೇ ಮರೆ ಹಿಡಿದು ಆರತಿ ಎತ್ತಿದ್ದಾಯಿತು. ಅರ್ಧ ತೆಂಗಿನಕಾಯಿಯಲ್ಲಿ ಸೇವಂತಿಗೆ ಇಟ್ಟು ನೀರಿಗೆ ಬಿಟ್ಟು ಕೈಮುಗಿದರು. ಹೋಳು ಸ್ವಲ್ಪ ತೂಗಾಡಿ ಬಲಕ್ಕೆ ತಿರುಗಿ, ಅಳಿವೆಗೆ ಬೆನ್ನು ಹಾಕಿ, ಕೂಳೂರಿನ ಕಡೆಗೆ ಗಂಭೀರವಾಗಿ ತೇಲತೊಡಗಿತು.

"ಉತ್ತರಕ್ಕೆ ಹೋಗುತ್ತಿದೆಯಲ್ಲ!" ಎಂದರು ಮಾವ. ದಿಕ್ಕಿನಲ್ಲಿ ಅವರು ಎಡವುವವರಲ್ಲ.

"ಈಗ ಉಬ್ಬರ ಅಲ್ಲವೇ, ಕಡಲಿನ ನೀರು ಹೊಳೆಗೆ ಏರುತ್ತದೆ" ಎಂದ ದೋಣಿಯವನು. ನೀರು ಉಪ್ಪಾಗಿದ್ದೂ ಅದಕ್ಕೇ. "ಇಳಿತ ಶುರುವಾದರೆ ನಿಮ್ಮ ಕಾಯಿ ವಾಪಸು ಬರುತ್ತದೆ. ಐದಾರು ಗಂಟೆ ಆದೀತು."

ಮಾವ ಹೆಂಡತಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಅತ್ತೆ ಮಾತ್ರ ಸೆರಗು ಕೊಡವಿ ಎದ್ದರು. "ಹೊಳೆಯಾದರೂ ಸಮುದ್ರಕ್ಕೆ ತಾನೇ ಹೋಗುವುದು? ಇವರ ಇಲಾಖೆಯ ಕಡತಕ್ಕಿಂತ ಬೇಗ ತಲುಪುತ್ತದೆ ಬಿಡು."

ದೋಣಿಯಲ್ಲಿ ಕೂತು ಮೈ ತಣ್ಣಗಾಗುವ ಮೊದಲೇ ಆಚೆ ದಡ ಬಂತು. ಗಾಳಿಮರಗಳ ನಡುವೆ ನಡೆದರೆ, ಕೊನೆಗೂ, ಸಮುದ್ರ. ಆಚೆ ದಡವಿಲ್ಲದ್ದು. ಅತ್ತೆಯ ಚೀಲದಲ್ಲಿ ಮಾತ್ರ ಒಂದು ಅಡಿಕೆಯೂ ಉಳಿದಿರಲಿಲ್ಲ. ಬರಿಗೈಯಲ್ಲೇ ನಮಸ್ಕರಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಹುಡುಗಿಯಂತೆ ನಕ್ಕರು. ಅಲೆಯೊಂದು ಮಾವನ ಎಡಗಾಲಿನ ಚಪ್ಪಲಿಯನ್ನು ಎಳೆದೊಯ್ದಿತು. ಹಿಂದಕ್ಕೆ ಕೊಡುತ್ತದೆಂದು ಅವರು ಒಂದೇ ಚಪ್ಪಲಿಯಲ್ಲಿ ಕಾಯುತ್ತ ನಿಂತರು. ಕೊಟ್ಟಿತು, ಆದರೆ ಬೇರೆ ಯಾರದ್ದೋ, ಅದೂ ಬಲಗಾಲಿನದು.

ಸೂರ್ಯ ಮುಳುಗುವವರೆಗೆ ಕೂತದ್ದರಿಂದ ಕೊನೆಯ ದೋಣಿ ತಪ್ಪಿತು. ಕೆಲವೇ ನಿಮಿಷಗಳಲ್ಲಿ ದಾಟಿ ಬಂದ ನೀರನ್ನು ಈಗ ಆಟೋದಲ್ಲಿ ಪಣಂಬೂರು, ಕೂಳೂರು, ಕೊಟ್ಟಾರ ಎಂದು ಊರೆಲ್ಲ ಬಳಸಿ ದಾಟಬೇಕಾಯಿತು. ಮಾವ ದಾರಿಯುದ್ದಕ್ಕೂ ಮೀಟರನ್ನೇ ನೋಡುತ್ತಿದ್ದರು. ಕೂಳೂರು ಸೇತುವೆಯ ಮೇಲೆ ಅತ್ತೆ ಕತ್ತು ಹೊರಗೆ ಚಾಚಿ ಕೆಳಗಿನ ಕತ್ತಲೆಯಲ್ಲಿ ಏನನ್ನೋ ಹುಡುಕಿದರು. ಏನೆಂದು ನಾವು ಕೇಳಲಿಲ್ಲ.

ಮರುದಿನ ಸೋಮೇಶ್ವರದ ಕಡಲ ತೀರಕ್ಕೆ ಹೊರಟೆವು. ಚೀಲದಲ್ಲಿ ಹೊಸ ತೆಂಗಿನಕಾಯಿ, ಮಾವನ ಕಾಲಲ್ಲಿ ಹೊಸ ಚಪ್ಪಲಿ. ಬಸ್ಸು ನೇತ್ರಾವತಿ ಸೇತುವೆ ಏರಿದಾಗ ಎರಡೂ ಕಡೆ ಅಗಲವಾದ ನೀರು ಹರಡಿತ್ತು. ಅತ್ತೆ ಕೈಮುಗಿದರು.

"ಇದೂ ನದಿಯೇ" ಎಂದರು ಮಾವ, ಈ ಸಲ ಮುಂಚಿತವಾಗಿ.

"ಗೊತ್ತು" ಎಂದರು ಅತ್ತೆ, ಪಶ್ಚಿಮಕ್ಕೆ ತೇಲುತ್ತಿದ್ದ ಜೊಂಡನ್ನು ತೋರಿಸುತ್ತ. "ಇದಕ್ಕಾದರೂ ದಾರಿ ಗೊತ್ತಿದೆ."